ಗುಡ್ಡ ಕುಸಿದ ಮೇಲಿನ ಹತ್ತು ವರ್ಷ



ವಿಪತ್ತಿನ ಕಾಲದಲ್ಲಿ ಕೆಲಸ ಮಾಡಿದ ಸಾರ್ವಜನಿಕ ಸೇವಕರನ್ನು ನಾವು ನೆನೆಯುವುದು ಸಾಮಾನ್ಯವಾಗಿ ಒಂದೆರಡು ದಿನಗಳ ಕೆಲಸಕ್ಕಾಗಿ. ನೆರೆ ಏರಿದ ರಾತ್ರಿ ನಿದ್ದೆಗೆಟ್ಟ ತಹಶೀಲ್ದಾರರು, ಮಣ್ಣಿನಡಿ ಸಿಕ್ಕವರನ್ನು ಹುಡುಕಿದ ಅಗ್ನಿಶಾಮಕ ದಳದವರು, ಗಂಜಿ ಕೇಂದ್ರ ತೆರೆದ ಪಂಚಾಯತಿಯವರು, ಕಂಬ ಹತ್ತಿದ ಲೈನ್‌ಮನ್. ಆ ಋಣ ದೊಡ್ಡದು. ಅದನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಆದರೂ ಈ ಉಪನ್ಯಾಸದಲ್ಲಿ ನಾನು ಎತ್ತುವ ಪ್ರಶ್ನೆ ಬೇರೆಯದು. ಗುಡ್ಡ ಕುಸಿದ ಎಂಟನೆಯ ವರ್ಷದಲ್ಲಿ ಆ ಊರಿನ ಕಡತ ಯಾರ ಮೇಜಿನ ಮೇಲಿರುತ್ತದೆ? ಇರುತ್ತದೆಯೇ?

ಪ್ರಶ್ನೆ ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಈ ನೆಲದ್ದೇ. 2019ರ ಆಗಸ್ಟಿನ ಮಳೆಯಲ್ಲಿ ಶಿರಸಿ ತಾಲ್ಲೂಕಿನ ಮತ್ತಿಘಟ್ಟದ ಜಾಜಿಗುಡ್ಡೆಯಲ್ಲಿ ಭೂಮಿ ಜಾರಿ ತೋಟಗಳನ್ನು ಕೊಂಡೊಯ್ದಿತು. 2021ರ ಜುಲೈ ಮಳೆಗೆ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಒಂದಲ್ಲ, ಹಲವು ಕಡೆ ಗುಡ್ಡ ಬಿರಿಯಿತು. ಅದೇ ದಿನಗಳಲ್ಲಿ ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯ ಅರಬೈಲ್ ಘಟ್ಟ ಕುಸಿಯಿತು. ಗಂಗಾವಳಿ ಹೊಳೆಗೆ ಅಡ್ಡಲಾಗಿದ್ದ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ಅಧಿಕಾರ ವಹಿಸಿಕೊಂಡ ಮರುದಿನವೇ, ಜುಲೈ 29ರಂದು, ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಯಲ್ಲಾಪುರಕ್ಕೆ ಬಂದರು. ಮೂರು ವರ್ಷದ ಮೇಲೆ, 2024ರ ಜುಲೈ 16ರಂದು, ಅದೇ ಗಂಗಾವಳಿಯ ಕೆಳಪಾತ್ರದಲ್ಲಿ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದ ಗುಡ್ಡ ಹೊಳೆಗೆ ಜಾರಿ ಹನ್ನೊಂದು ಜೀವಗಳನ್ನು ಬಲಿ ತೆಗೆದುಕೊಂಡಿತು. ಮಣ್ಣು ಬಿದ್ದ ರಭಸಕ್ಕೆ ಉಕ್ಕಿದ ನೀರು ಎದುರು ದಡದ ಉಳುವರೆಯ ಮನೆಗಳಿಗೂ ಅಪ್ಪಳಿಸಿತು. ಐದು ವರ್ಷಗಳಲ್ಲಿ ಮೂರು ಮಳೆಗಾಲ, ಮೂರು ಪಾಠ. ಮೂರು ಸಲವೂ ಜಿಲ್ಲಾಧಿಕಾರಿಯ ಕುರ್ಚಿಯಲ್ಲಿದ್ದವರು ಬೇರೆ ಬೇರೆಯವರು. ಇದರಲ್ಲಿ ಯಾರ ತಪ್ಪೂ ಇಲ್ಲ; ವರ್ಗಾವಣೆ ಆಡಳಿತದ ಸಹಜ ಲಯ. ಆ ಲಯಕ್ಕೂ ಅಡಿಕೆ ತೋಟದ ಲಯಕ್ಕೂ ಹೊಂದಿಕೆಯಿಲ್ಲ ಎಂಬುದೇ ಇಂದಿನ ನನ್ನ ವಿಷಯ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಕರ್ನಾಟಕದಿಂದ ಹೊರಟ ಸಾರ್ವಜನಿಕ ಸೇವಕರಲ್ಲಿ ವಿಪತ್ತಿನ ನಂತರದ ಪುನರ್ನಿರ್ಮಾಣವನ್ನು ಒಂದು ಶಾಸ್ತ್ರದಂತೆ ಕೈಗೆತ್ತಿಕೊಂಡವರಲ್ಲಿ ಮೊದಲಿಗರು ಎಂ. ವಿಶ್ವೇಶ್ವರಯ್ಯ. ಅವರನ್ನು ಕನ್ನಂಬಾಡಿಯ ಹೆಸರಿನಲ್ಲೇ ನೆನೆಯುವ ನಮಗೆ ಹೈದರಾಬಾದಿನ ಅವರ ಕೆಲಸ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. 1884ರಲ್ಲಿ ಅವರು ಸೇರಿದ್ದು ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯನ್ನು. 1862ರಿಂದ ನಮ್ಮ ಜಿಲ್ಲೆಯೂ ಆ ಪ್ರಾಂತ್ಯಕ್ಕೇ ಸೇರಿತ್ತು. ಹಾಗಾಗಿ ಅವರು ದುಡಿದ ಇಲಾಖೆ ನಮ್ಮ ಅಜ್ಜಂದಿರ ಕಾಲದ ರಸ್ತೆ–ಸೇತುವೆಗಳ ಇಲಾಖೆಯೂ ಹೌದು. ಖಡಕವಾಸ್ಲಾ ಜಲಾಶಯಕ್ಕೆ ತಾನಾಗಿ ತೆರೆದು ಮುಚ್ಚುವ ಬಾಗಿಲುಗಳನ್ನು ರೂಪಿಸಿ, ಅಣೆಕಟ್ಟನ್ನು ಎತ್ತರಿಸದೆ ಹೆಚ್ಚು ನೀರು ನಿಲ್ಲಿಸಿ, ನೆರೆ ಬಂದರೆ ಅಪಾಯವಿಲ್ಲದೆ ಹೊರಬಿಡುವ ವ್ಯವಸ್ಥೆ ಮಾಡಿದ್ದರು. ನಿವೃತ್ತಿ ಪಡೆದು ವಿದೇಶ ಪ್ರವಾಸದಲ್ಲಿದ್ದಾಗ ನಿಜಾಮರ ಸರ್ಕಾರದ ಕರೆ ಬಂತು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಹೈದರಾಬಾದಿಗೆ ನುಗ್ಗಿ ಸಾವಿರಾರು ಜನರನ್ನು ಕೊಂದಿತ್ತು. 1909ರ ಏಪ್ರಿಲ್‌ನಲ್ಲಿ ವಿಶ್ವೇಶ್ವರಯ್ಯ ಅಲ್ಲಿಗೆ ಬಂದರು. ಅವರಿಗೆ ಒಪ್ಪಿಸಿದ ಕೆಲಸ ಮೂರು: ನಗರದ ಪುನರ್ನಿರ್ಮಾಣಕ್ಕೆ ಸಲಹೆ, ಮುಂದೆ ನೆರೆ ಬಾರದಂತೆ ಯೋಜನೆ, ಊರಿನ ಒಳಚರಂಡಿ. ಅವರು ಮೊದಲು ಹೋಗಿದ್ದು ಬಿದ್ದ ಮನೆಗಳ ಲೆಕ್ಕಕ್ಕಲ್ಲ, ಮಳೆಯ ಲೆಕ್ಕಕ್ಕೆ. ನದಿಯ ಜಲಾನಯನದಲ್ಲಿ ಎಲ್ಲೆಲ್ಲಿ ಎಷ್ಟು ಇಂಚು ಮಳೆ ಬಿದ್ದಿತ್ತು, ಯಾವ ಕೆರೆ ಯಾವಾಗ ಒಡೆಯಿತು ಎಂದು ಕಲೆಹಾಕಿದರು. ಮೇಲ್ಭಾಗದ 788 ಕೆರೆಗಳಲ್ಲಿ 221 ಒಡೆದಿದ್ದವು. ಅಂದರೆ ನಗರದಲ್ಲಿ ಸತ್ತವರ ಸಾವು ಶುರುವಾದದ್ದು ಹತ್ತಾರು ಮೈಲಿ ಮೇಲೆ, ಒಂದು ಕೆರೆಯ ನೀರು ಮುಂದಿನ ಕೆರೆಯ ಏರಿಗೆ ಬಡಿದಾಗ. ಹೊಳೆಯ ಮೂಲದಲ್ಲಿ ಕುಳಿತಿರುವ ನಾವು ಈ ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಗಂಗಾವಳಿಯ ಬಾಯಿಯಲ್ಲಿ ಬದುಕುವವರ ಕ್ಷೇಮ ಮಾಗೋಡು, ಕಳಚೆಯ ಮೇಲಿನ ಕಾಡಿನಲ್ಲಿ ತೀರ್ಮಾನವಾಗುತ್ತದೆ. ಅಘನಾಶಿನಿಯ ಕಥೆಯೂ ಶಿರಸಿಯ ಶಂಕರಹೊಂಡದಿಂದಲೇ ಆರಂಭ.

1909ರ ಅಕ್ಟೋಬರಿಗೇ ವಿಶ್ವೇಶ್ವರಯ್ಯ ವರದಿ ಕೊಟ್ಟರು, ನವೆಂಬರಿನಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿ ಹೊರಟುಹೋದರು. ಹೈದರಾಬಾದಿನಲ್ಲಿ ಅವರಿದ್ದದ್ದು ಏಳೇ ತಿಂಗಳು. ಅವರು ಸೂಚಿಸಿದ ಎರಡು ಜಲಾಶಯಗಳಲ್ಲಿ ಉಸ್ಮಾನ್ ಸಾಗರ ಮುಗಿದದ್ದು 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ. ವರದಿಗೂ ಎರಡನೆಯ ಜಲಾಶಯಕ್ಕೂ ನಡುವೆ ಹದಿನೆಂಟು ವರ್ಷ. ನಡುವೆ ಒಂದು ಮಹಾಯುದ್ಧ ಬಂತು, ಇನ್‌ಫ್ಲುಯೆಂಜಾ ಬಂತು, ಹೈದರಾಬಾದಿನಲ್ಲಿ ಆಳುವ ನಿಜಾಮರೇ ಬದಲಾದರು. ಆದರೂ ಕಡತ ಸಾಯಲಿಲ್ಲ. ಈ ವೃತ್ತಾಂತದಲ್ಲಿ ಮಹಾಪುರುಷನ ಪ್ರತಿಭೆಯನ್ನು ಕೊಂಡಾಡುವುದು ಸುಲಭ. ನನಗೆ ಅದಕ್ಕಿಂತ ಬೆರಗು ಹುಟ್ಟಿಸುವುದು ಹೆಸರು ತಿಳಿಯದ ಆ ಹದಿನೆಂಟು ವರ್ಷಗಳ ಗುಮಾಸ್ತರು, ಓವರ್ಸಿಯರರು, ಸರ್ವೆಯವರು. ಒಬ್ಬರ ವರದಿಯನ್ನು ಇನ್ನೊಬ್ಬರು, ಅವರದನ್ನು ಮತ್ತೊಬ್ಬರು ಹೆಗಲು ಬದಲಿಸಿ ಹೊತ್ತರು. ವಿಪತ್ತಿನ ಸೇವೆಯಲ್ಲಿ ಒಬ್ಬ ಮನುಷ್ಯನ ವೃತ್ತಿಜೀವನ ಎಂಬುದು ಸಾಕಾಗುವ ಅಳತೆಗೋಲೇ ಅಲ್ಲ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಸ್ವಾತಂತ್ರ್ಯಾನಂತರದ ಕರ್ನಾಟಕದಲ್ಲಿ ಇಂಥ ನಿರಂತರತೆಗೆ ಒಳ್ಳೆಯ ಉದಾಹರಣೆ 1988ರಲ್ಲಿ ಶುರುವಾದ ಬರ ಉಸ್ತುವಾರಿ ಘಟಕ. ಬರ ಬಂದ ಮೇಲೆ ಓಡಾಡುವ ಬದಲು ಬರ ಹೆಜ್ಜೆ ಇಡುತ್ತಿರುವಾಗಲೇ ಗುರುತಿಸಬೇಕೆಂಬ ಉದ್ದೇಶದಿಂದ ಹುಟ್ಟಿದ ಈ ಘಟಕ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆಯಿತು. ಡಾ. ವಿ.ಎಸ್. ಪ್ರಕಾಶ್ ದೀರ್ಘಕಾಲ ಅದರ ನಿರ್ದೇಶಕರಾಗಿದ್ದರು, ಬಳಿಕ ಡಾ. ಜಿ.ಎಸ್. ಶ್ರೀನಿವಾಸ ರೆಡ್ಡಿ ಅದನ್ನು ನಡೆಸಿದರು. ವಿಜ್ಞಾನಿಗಳು ಒಂದೇ ಕೆಲಸದಲ್ಲಿ ವರ್ಷಗಟ್ಟಲೆ ಉಳಿದದ್ದರ ಫಲವೆಂದರೆ ಇಂದು ರಾಜ್ಯದ ಗ್ರಾಮ ಪಂಚಾಯತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ದೂರಸಂವೇದಿ ಮಳೆಮಾಪಕಗಳಿವೆ, ಹದಿನೈದು ನಿಮಿಷಕ್ಕೊಮ್ಮೆ ಬಿದ್ದ ಮಳೆಯ ಲೆಕ್ಕ ಬೆಂಗಳೂರಿಗೆ ತಲುಪುತ್ತದೆ, ರೈತರು ‘ವರುಣಮಿತ್ರ’ಕ್ಕೆ ಫೋನ್ ಮಾಡಿ ಮಳೆಯ ಮುನ್ಸೂಚನೆ ಕೇಳಬಹುದು. ಸದ್ದಿಲ್ಲದ ಸೇವೆ. ಇದಕ್ಕೆ ಯಾರೂ ಹಾರ ಹಾಕಲಿಲ್ಲ.

ಆದರೆ ನಮ್ಮ ಘಟ್ಟದಂಚಿನಲ್ಲಿ ಪಂಚಾಯತಿಗೊಂದು ಮಾಪಕ ಸಾಲದು. ಒಂದೇ ಪಂಚಾಯತಿಯ ಒಂದು ಕೇರಿಯಲ್ಲಿ ತುಂತುರು, ಗುಡ್ಡದಾಚೆ ಜಡಿಮಳೆ ಎಂಬುದು ಇಲ್ಲಿಯ ಯಾವ ತೋಟಿಗನಿಗೂ ಹೊಸ ಸಂಗತಿಯಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 204.4 ಮಿಲಿಮೀಟರ್ ದಾಟಿದರೆ ಅತ್ಯಧಿಕ ಮಳೆ. ಗುಡ್ಡಕ್ಕೆ ಮಾತ್ರ ಆ ಒಂದು ದಿನದ ಲೆಕ್ಕ ಗೊತ್ತಿಲ್ಲ. ಹಿಂದಿನ ಹತ್ತು ದಿನ ಕುಡಿದ ನೀರು ಅದರ ಹೊಟ್ಟೆಯಲ್ಲಿ ಇರುತ್ತದೆ. ಇಲ್ಲಿ ನಮ್ಮ ಸೀಮೆಯ ಒಂದು ಹಳೆಯ ರೂಢಿ ಕೆಲಸಕ್ಕೆ ಬರುತ್ತದೆ. ಅಂಗಳದಲ್ಲಿ ಮಳೆಮಾಪಕ ಇಟ್ಟು, ಆರಿದ್ರಾದಿಂದ ಆಶ್ಲೇಷದವರೆಗೆ ದಿನವೂ ಬೆಳಗ್ಗೆ ಅಳೆದು ಡೈರಿಯಲ್ಲಿ ಬರೆದಿಡುವ ಮನೆಗಳು ಈ ಮೂರು ತಾಲ್ಲೂಕುಗಳಲ್ಲಿ ಇವೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಹದ ನೋಡಲು ಶುರುವಾದ ಅಭ್ಯಾಸವಿರಬಹುದು. ಆ ಡೈರಿಗಳು ಇಂದಿಗೂ ಖಾಸಗಿ ಆಸ್ತಿ, ಸರ್ಕಾರದ ಕಣ್ಣಿಗೆ ಅವು ಇಲ್ಲ. ವಿಶ್ವೇಶ್ವರಯ್ಯನವರ ಕೈಗೆ ಸಿಕ್ಕಿದ್ದರೆ ಮೊದಲು ಅವನ್ನೇ ಬಿಡಿಸಿ ಕೂರುತ್ತಿದ್ದರು.

ಭೂಕುಸಿತದ ಕಾರಣಗಳ ಬಗ್ಗೆ ತಿಳಿವಳಿಕೆಗೆ ಕೊರತೆಯೇನೂ ಇಲ್ಲ. 2018ರ ಕೊಡಗು, 2020ರ ತಲಕಾವೇರಿಯ ದುರಂತಗಳ ಬಳಿಕ ರಾಜ್ಯ ಸರ್ಕಾರ ಭೂಕುಸಿತ ಅಧ್ಯಯನಕ್ಕೆ ಸಮಿತಿ ರಚಿಸಿತು. ಅದರ ಅಧ್ಯಕ್ಷರು ನಮ್ಮವರೇ ಆದ ಅನಂತ ಹೆಗಡೆ ಅಶೀಸರ, ಆಗ ಜೀವವೈವಿಧ್ಯ ಮಂಡಳಿಯ ಅಧ್ಯಕ್ಷರೂ ಆಗಿದ್ದವರು, ಅದಕ್ಕೂ ಮೊದಲು ಪಶ್ಚಿಮಘಟ್ಟ ಕಾರ್ಯಪಡೆಯ ಹೊಣೆ ಹೊತ್ತಿದ್ದವರು. ಸರ್ಕಾರಿ ನೌಕರಿಯಲ್ಲಿ ಇಲ್ಲದೆಯೂ ಸಾರ್ವಜನಿಕ ಹುದ್ದೆಯ ಮೂಲಕ ಈ ಕೆಲಸ ಮಾಡಬಹುದೆಂಬುದಕ್ಕೆ ಅವರದೊಂದು ಮಾದರಿ. ಸಮಿತಿ 2021ರಲ್ಲಿ ಸರ್ಕಾರಕ್ಕೆ ವರದಿ ಕೊಟ್ಟಿತು. ಅದೇ ವರ್ಷದ ಜುಲೈಯಲ್ಲಿ ಕಳಚೆ ಕುಸಿಯಿತು. ವರದಿ ಜಾರಿಯಾಗಿದ್ದರೆ ಕಳಚೆ ಉಳಿಯುತ್ತಿತ್ತು ಎಂದು ನಾನು ಹೇಳಲಾರೆ. ಕೆಲವೇ ತಿಂಗಳಲ್ಲಿ ಯಾವ ಗುಡ್ಡವನ್ನೂ ಭದ್ರಪಡಿಸಲಾಗದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಉತ್ತರ ಕನ್ನಡ ಜಿಲ್ಲೆಯೊಂದರಲ್ಲೇ ಕುಸಿಯಬಹುದಾದ ನಾನೂರಕ್ಕೂ ಹೆಚ್ಚು ಸ್ಥಳಗಳನ್ನು ಗುರುತಿಸಿದೆ. ಆ ಪಟ್ಟಿ ಪ್ರತಿ ಪಂಚಾಯತಿಯ ಗೋಡೆಯ ಮೇಲೆ, ಊರವರಿಗೆ ಅರ್ಥವಾಗುವ ಕೇರಿ–ಹಳ್ಳದ ಹೆಸರುಗಳಲ್ಲಿ, ತೂಗುಹಾಕಿರಬೇಕಿತ್ತು.

ಗುಡ್ಡ ಏಕೆ ಜಾರುತ್ತದೆ? ಮೇಲೆ ಜಂಬಿಟ್ಟಿಗೆಯ ಪದರ, ಕೆಳಗೆ ನುಣ್ಣನೆಯ ಶೇಡಿ ಮಣ್ಣು, ಅದರ ಕೆಳಗೆ ಬಂಡೆ. ಜಂಬಿಟ್ಟಿಗೆ ನೀರನ್ನು ಒಳಗೆ ಬಿಡುತ್ತದೆ, ಶೇಡಿ ಅದನ್ನು ಹಿಡಿದು ಉಬ್ಬುತ್ತದೆ, ಭಾರ ತಡೆಯಲಾರದೆ ಮೇಲಿನದ್ದನ್ನೆಲ್ಲ ಹೊತ್ತು ಜಾರುತ್ತದೆ. ಮರದ ಬೇರು ಮೇಲಿನ ಪದರವನ್ನು ಹಿಡಿದಿಡಬಲ್ಲದು, ಆಳದ ಜಾರನ್ನು ಪೂರ್ತಿ ತಡೆಯಲಾರದು. ದಟ್ಟ ಕಾಡಿನಲ್ಲೂ ಕುಸಿತಗಳಾಗಿವೆ ಎಂಬುದನ್ನು ಪರಿಸರದ ಪರವಾಗಿ ಮಾತಾಡುವ ನಾವು ಒಪ್ಪಿಕೊಳ್ಳಬೇಕು. ಹಾಗೆಂದು ಮನುಷ್ಯನ ಪಾಲು ಸಣ್ಣದಲ್ಲ. ರಸ್ತೆಗಾಗಿ, ಮನೆ ಕಟ್ಟಲು, ತೋಟ ವಿಸ್ತರಿಸಲು ಜೆಸಿಬಿಯಿಂದ ನೆಟ್ಟಗೆ ಕಡಿದ ಧರೆಗೆ ಕಾಲೇ ಇಲ್ಲದಂತಾಗುತ್ತದೆ. ಹಳೆಯ ಬಸಿಗಾಲುವೆ ಮುಚ್ಚಿಹೋಗಿ, ಮಳೆನೀರು ತನ್ನ ದಾರಿ ತಾನೇ ಹುಡುಕುತ್ತದೆ.

ಇಲ್ಲೊಂದು ಅಪ್ರಿಯವಾದ ಮಾತನ್ನು ಸೇರಿಸಬೇಕು. ಶಿರಸಿ ಸೀಮೆ ಇಂಗುಗುಂಡಿಗಳಿಗೆ ಹೆಸರಾದ ಸೀಮೆ. ಬೇಸಿಗೆಯಲ್ಲಿ ಬಾವಿ ಬತ್ತಿದಾಗ ಜನರೇ ಮುಂದೆ ನಿಂತು ಕೆರೆಯ ಹೂಳೆತ್ತಿದರು, ಬೆಟ್ಟದಲ್ಲಿ ಗುಂಡಿ ತೋಡಿದರು. ಅದು ಈ ನೆಲದ ಹೆಮ್ಮೆ. ಆದರೆ ಕಡಿದಾದ ಇಳಿಜಾರಿನ ನೆತ್ತಿಯಲ್ಲಿ, ಅಡಿಯಲ್ಲಿ ಶೇಡಿ ಇರುವಲ್ಲಿ, ಗುಂಡಿ ತೋಡಿ ನೀರಿಳಿಸಿದರೆ ಗುಡ್ಡದ ಹೊಟ್ಟೆಗೆ ನಾವೇ ನೀರು ತುಂಬಿದಂತೆ. ಎಲ್ಲಿ ಇಂಗಿಸಬೇಕು, ಎಲ್ಲಿ ಬಸಿದು ಹೊರಹಾಕಬೇಕು ಎಂಬ ವಿವೇಕ ಒಂದೇ ಯೋಜನೆ, ಒಂದೇ ಅಂದಾಜುಪಟ್ಟಿ, ಒಂದೇ ಗುರಿ ಎಂದು ಹೊರಡುವ ಇಲಾಖೆಗೆ ಬರುವುದು ಕಷ್ಟ. ಆ ಬೆಟ್ಟದಲ್ಲಿ ದರಕು ಒಟ್ಟುವವನಿಗೆ, ಸೊಪ್ಪು ಕಡಿಯುವವಳಿಗೆ, ಯಾವ ಜಾಗದಲ್ಲಿ ಒರತೆ ಹೊಸದಾಗಿ ಹುಟ್ಟಿದೆ, ಯಾವ ಬಿರುಕು ಹೋದ ವರ್ಷ ಇರಲಿಲ್ಲ ಎಂಬುದು ಗೊತ್ತಿರುತ್ತದೆ.

ಈಗ ಪರಿಹಾರದ ಲೆಕ್ಕಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನಿಸಲು ನಿಮ್ಮ ಅನುಮತಿ ಬೇಕು. ತತ್ವಗಳೆಲ್ಲ ಕೊನೆಗೆ ಈ ಅಂಕಿಗಳಲ್ಲೇ ನಿಲ್ಲುತ್ತವೆ ಅಥವಾ ಬೀಳುತ್ತವೆ. 2021ರ ಮಳೆಗಾಲದಲ್ಲಿ ಕೇಂದ್ರದ ಮಾನದಂಡದಂತೆ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 18,000 ರೂಪಾಯಿ ಇತ್ತು, ಅದೂ ಎರಡು ಹೆಕ್ಟೇರಿನ ಮಿತಿಗೆ. ಆ ವರ್ಷದ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ ತೋಟಗಾರಿಕೆ ಬೆಳೆಗೆ 28,000 ಮಾಡಿತು. 2022ರಲ್ಲಿ ಕೇಂದ್ರದ ಮಾನದಂಡ 22,500ಕ್ಕೆ ಏರಿತು. ಸುಮಾರು ಒಂಬತ್ತು ಅಡಿ (2.7 ಮೀಟರ್) ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ ಸುಮಾರು 1,370 ಅಡಿಕೆ ಮರಗಳು. ಭಾಗಿಸಿ ನೋಡಿ: 18,000ದ ಲೆಕ್ಕದಲ್ಲಿ ಮರಕ್ಕೆ ಹದಿಮೂರು ರೂಪಾಯಿ, 22,500ದ ಲೆಕ್ಕದಲ್ಲಿ ಹದಿನಾರು, ರಾಜ್ಯದ ಉದಾರ ಲೆಕ್ಕದಲ್ಲಿ ಇಪ್ಪತ್ತು. ಅಡಿಕೆ ಸಸಿ ಫಲಕ್ಕೆ ಬರಲು ಐದರಿಂದ ಏಳು ವರ್ಷ ಬೇಕು, ತುಂಬು ಫಸಲಿಗೆ ಇನ್ನೂ ಕೆಲವು. ಆ ಅವಧಿಯಲ್ಲಿ ಗೊಬ್ಬರ, ಕೂಲಿ, ನೀರು ಯಾವುದೂ ನಿಲ್ಲುವುದಿಲ್ಲ. ಬ್ಯಾಂಕಿನ, ಸೊಸೈಟಿಯ ಸಾಲದ ಬಡ್ಡಿಯೂ ನಿಲ್ಲುವುದಿಲ್ಲ.

ಇದು ಬೆಳೆ ಹಾನಿಯ ಮಾತಾಯಿತು. ಕೊಳೆ ಬಂದು, ಗಾಳಿ ಬೀಸಿ ಮರ ಹೋದರೆ ನೆಲ ಉಳಿಯುತ್ತದೆ, ಮತ್ತೆ ನೆಡಬಹುದು. ಗುಡ್ಡ ಕುಸಿದಲ್ಲಿ ನೆಲವೇ ಹೊಳೆಯ ಪಾಲಾಗುತ್ತದೆ. ತಲೆಮಾರುಗಳಿಂದ ಗೋಡು ಮಣ್ಣು ಹೊತ್ತು ಹಾಕಿ, ಸೊಪ್ಪು ಹೊದೆಸಿ, ಕಾದಿಗೆ ತೆಗೆದು ಮಾಡಿದ ತೋಟದ ಮಣ್ಣು ಅದು. ಭೂಮಿಯೇ ಕೊಚ್ಚಿಹೋದರೆ ಕೊಡುವ ಮೊತ್ತ ಹೆಕ್ಟೇರಿಗೆ 37,500 ಇದ್ದದ್ದು 2022ರಲ್ಲಿ 47,000 ಆಯಿತು. ಸಣ್ಣ ಮತ್ತು ಅತಿಸಣ್ಣ ರೈತರಿಗೆ ಮಾತ್ರ. ಕಂದಾಯ ದಾಖಲೆಯಲ್ಲಿ ಅವರ ಒಡೆತನ ಸಾಬೀತಾದರೆ ಮಾತ್ರ. ಬಿದ್ದ ಮನೆಗೆ ಮಾತ್ರ 2019 ಮತ್ತು 2021ರಲ್ಲಿ ರಾಜ್ಯ ಸರ್ಕಾರ ಐದು ಲಕ್ಷದವರೆಗೆ ಕೊಟ್ಟಿತು. ಹೀಗೆ ಸರ್ಕಾರದ ಕಣ್ಣಿನಲ್ಲಿ ಮನೆ ದೊಡ್ಡದು, ತೋಟ ಸಣ್ಣದು. ಈ ಸೀಮೆಯ ಮನೆತನಗಳ ಲೆಕ್ಕ ಇದಕ್ಕೆ ತಿರುವುಮುರುವು: ತೋಟ ಇದ್ದರೆ ಮನೆ ಕಟ್ಟಿಕೊಳ್ಳಬಹುದು.

ಕಂದಾಯ ದಾಖಲೆ ಎಂದೆ. ಉತ್ತರ ಕನ್ನಡದ ವಿಪತ್ತು ನಿರ್ವಹಣೆಯ ಗಂಟು ಇರುವುದು ಅಲ್ಲಿಯೇ. ಜಿಲ್ಲೆಯ ಸುಮಾರು ಶೇಕಡಾ 80ರಷ್ಟು ಭೂಮಿ ಅರಣ್ಯ. ಮಾಲ್ಕಿ ತೋಟದ ಮೇಲೆ, ತೋಟಕ್ಕೆ ಸೊಪ್ಪು–ದರಕು ತರುವ ಸೊಪ್ಪಿನಬೆಟ್ಟ. ಬ್ರಿಟಿಷರ ಕಾಲದಿಂದ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಅನುಭವದ ಹಕ್ಕು, ಒಡೆತನವಲ್ಲ. ಕುಸಿತ ಬಹಳ ಸಲ ಶುರುವಾಗುವುದು ಈ ಬೆಟ್ಟದಲ್ಲಿ, ನಷ್ಟ ಕಾಣಿಸುವುದು ಕೆಳಗಿನ ತೋಟದಲ್ಲಿ. ಬೆಟ್ಟದ ಭದ್ರತೆ ಯಾರ ಹೊಣೆ? ಅರಣ್ಯ ಇಲಾಖೆ ರೈತನನ್ನು ತೋರಿಸುತ್ತದೆ, ರೈತ ಇಲಾಖೆಯನ್ನು ತೋರಿಸುತ್ತಾನೆ. ಇನ್ನು ಅತಿಕ್ರಮಣದ ಜಾಗದಲ್ಲಿ ತಲೆಮಾರುಗಳಿಂದ ತೋಟ, ಗದ್ದೆ ಮಾಡಿಕೊಂಡವರ ಪಾಡು ಬೇರೆಯೇ. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂತು. ಪರಿಶಿಷ್ಟ ಪಂಗಡಕ್ಕೆ ಸೇರಿದ ಯಲ್ಲಾಪುರದ ಸಿದ್ದಿಗಳಿಗೆ ಅದರಡಿ ದಾರಿ ಸ್ವಲ್ಪ ಸುಗಮ. ಕುಣಬಿಗಳಿಗೆ, ಗೌಳಿಗಳಿಗೆ, ಇತರ ಹಿಂದುಳಿದ ರೈತರಿಗೆ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸಕ್ಕೆ ಪುರಾವೆ ಒದಗಿಸಬೇಕಾದ ಪೇಚು. ಅರ್ಜಿ ಇತ್ಯರ್ಥವಾಗದವನ ತೋಟ ಕುಸಿದರೆ ಪಹಣಿಯ ಪ್ರಕಾರ ಅಲ್ಲಿ ಏನೂ ಕುಸಿದಿಲ್ಲ. ಪಂಚನಾಮೆ ಬರೆಯುವ ಗ್ರಾಮ ಆಡಳಿತ ಅಧಿಕಾರಿಗೆ ಕಣ್ಣೆದುರು ಕಂಡದ್ದನ್ನು ಬರೆಯಲು ನಮೂನೆಯಲ್ಲಿ ಕಾಲಮ್ಮೇ ಇಲ್ಲ.

ಆದ್ದರಿಂದ ನನ್ನ ಮಟ್ಟಿಗೆ ವಿಪತ್ತು ಸೇವೆಯ ಮುಖ್ಯ ವ್ಯಕ್ತಿ ರಕ್ಷಣಾ ದಳದ ನಾಯಕನಿಗಿಂತ ಹಿಂದಿನ ಶಾನುಭೋಗ, ಇಂದಿನ ಗ್ರಾಮ ಆಡಳಿತ ಅಧಿಕಾರಿ. ಮಳೆಗಾಲ ಶುರುವಾಗುವ ಮೊದಲೇ, ಯಾವ ಇಳಿಜಾರಿನಲ್ಲಿ ಎಷ್ಟು ಮನೆ, ಎಷ್ಟು ಮರ, ಯಾರ ಅನುಭವದಲ್ಲಿ, ಯಾವ ಕಾಲುಸಂಕ ಹೋದರೆ ಯಾವ ಕೇರಿ ದ್ವೀಪವಾಗುತ್ತದೆ ಎಂದು, ಒಡೆತನದ ತಕರಾರಿಗೆ ಕೈಹಾಕದೆ, ಬರೀ ಇರುವುದನ್ನು ಇದ್ದಂತೆ ಬರೆದಿಟ್ಟರೆ ಕುಸಿತದ ಮರುದಿನದ ಅರ್ಧ ಜಗಳ ಇಲ್ಲವಾಗುತ್ತದೆ. ಇಂಥ ದಾಖಲೆ ಹಕ್ಕನ್ನು ಸೃಷ್ಟಿಸಿಬಿಡುತ್ತದೆ ಎಂದು ಅರಣ್ಯ ಇಲಾಖೆ ಆಕ್ಷೇಪಿಸಬಹುದು. ಆಕ್ಷೇಪ ಅಸಂಬದ್ಧವಲ್ಲ. ಹಾಗಾಗದಂತೆ ಕಾನೂನಿನಲ್ಲಿ ಒಂದು ಸಾಲು ಬರೆಯುವುದು ಅಸಾಧ್ಯವೂ ಅಲ್ಲ.

ಪುನರ್ವಸತಿಯ ವಿಷಯ ಇನ್ನೂ ಸೂಕ್ಷ್ಮ. ಕೊಡಗಿನಲ್ಲಿ 2018ರ ದುರಂತದ ಬಳಿಕ ಕರ್ಣಂಗೇರಿ, ಮದೆನಾಡು ಮುಂತಾದ ಕಡೆ ಸಾಲು ಮನೆಗಳನ್ನು ಕಟ್ಟಿಕೊಟ್ಟರು. ಸರ್ಕಾರದ ಜತೆ ಖಾಸಗಿ ದಾನಿಗಳೂ ಕೈಜೋಡಿಸಿದರು.  ಆದರೆ ಸಿಕ್ಕಿದ್ದು ಮನೆ. ಕಾಫಿ ತೋಟ, ಗದ್ದೆ ಬೆಟ್ಟದ ಮಡಿಲಲ್ಲೇ ಉಳಿದವು. ಕಳಚೆಯಲ್ಲಿ ಇಡೀ ಊರನ್ನೇ ಸ್ಥಳಾಂತರಿಸಬೇಕೆಂಬ ಬೇಡಿಕೆ ಎದ್ದಾಗ ಅಲ್ಲಿಯವರು ಕೇಳಿದ್ದು ಮನೆಯ ಜತೆಗೆ ಕೃಷಿಭೂಮಿಯನ್ನು. ಅರಣ್ಯವೇ ಮುಕ್ಕಾಲುಪಾಲಿಗಿಂತ ಹೆಚ್ಚಿರುವ ಜಿಲ್ಲೆಯಲ್ಲಿ ತೋಟಕ್ಕೆ ಬದಲು ತೋಟದ ಭೂಮಿ ಹುಡುಕುವುದು ಕಂದಾಯ ಇಲಾಖೆಗೆ ಎಷ್ಟು ಕಷ್ಟವೆಂದು ಬಲ್ಲೆ. ಕಾಳಿ ಯೋಜನೆಗಾಗಿ ಸೂಪಾದ ಜನರನ್ನು ಎಬ್ಬಿಸಿ ರಾಮನಗರದಲ್ಲಿ ನೆಲೆಗೊಳಿಸಿದ ಅನುಭವ ಇದೇ ಜಿಲ್ಲೆಗಿದೆ. ಅಣೆಕಟ್ಟೆಯ ಸಂತ್ರಸ್ತರಿಗೆ ಒಂದು ಯೋಜನಾ ಕಚೇರಿ, ಒಂದು ಗಡುವು, ಒಂದು ಬಜೆಟ್ ಇರುತ್ತದೆ. ಗುಡ್ಡ ಕುಸಿತದ ಸಂತ್ರಸ್ತರಿಗೆ ಇರುವುದು ಒಂದು ಮಳೆಗಾಲದ ಅನುಕಂಪ. ಸ್ಥಳಾಂತರ ಬೇಡವೆಂದವರೂ ಊರಲ್ಲಿ ಇರುತ್ತಾರೆ: ಕುಸಿಯದೆ ಉಳಿದ ಅರ್ಧ ತೋಟ, ಕೊಟ್ಟಿಗೆಯ ದನ, ಅಬ್ಬಿ ನೀರು, ದೇವಸ್ಥಾನ. ಅವರನ್ನು ಹಠಮಾರಿಗಳೆಂದು ಬರೆಯುವುದು ಸುಲಭ. ಮಳೆಗಾಲದ ಮೂರು ತಿಂಗಳು ಸುರಕ್ಷಿತ ಜಾಗದಲ್ಲಿ ವಾಸ, ಉಳಿದ ದಿನ ತೋಟದ ಕೆಲಸ ಎಂಬ ನಡುದಾರಿಯೊಂದಿದೆ. ಅದಕ್ಕೆ ಯಾವ ಯೋಜನೆಯಡಿಯೂ ಲೆಕ್ಕಶೀರ್ಷಿಕೆಯಿಲ್ಲ.

ಹಣದ ಮಾತನ್ನು ಇಲ್ಲಿ ಹೇಳಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪುನರ್ವಸತಿ, ಪುನರ್ನಿರ್ಮಾಣಗಳನ್ನೂ ವಿಪತ್ತು ನಿರ್ವಹಣೆಯ ಭಾಗವೆಂದೇ ಹೇಳುತ್ತದೆ, ಜಿಲ್ಲೆಯಲ್ಲಿ ಅದರ ಹೊಣೆಯನ್ನು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಕೊಡುತ್ತದೆ. 15ನೇ ಹಣಕಾಸು ಆಯೋಗ ಒಂದು ಹೆಜ್ಜೆ ಮುಂದೆ ಹೋಗಿ, ರಾಜ್ಯಗಳ ವಿಪತ್ತು ನಿಧಿಯಲ್ಲಿ ಶೇಕಡಾ 40 ತಕ್ಷಣದ ಪರಿಹಾರಕ್ಕೆ, 30 ಚೇತರಿಕೆ ಮತ್ತು ಪುನರ್ನಿರ್ಮಾಣಕ್ಕೆ, 10 ಸಿದ್ಧತೆಗೆ, 20 ಅಪಾಯ ತಗ್ಗಿಸುವುದಕ್ಕೆ ಎಂದು ವಿಂಗಡಿಸಿತು. ಕಾಗದದ ಮೇಲೆ ಚೇತರಿಕೆಗೆ ತನ್ನದೇ ಪಾಲು ಸಿಕ್ಕಿತು. ಆದರೆ ಹಣ ಖರ್ಚಾಗುವುದು ಆರ್ಥಿಕ ವರ್ಷದೊಳಗೆ, ಚೇತರಿಕೆ ನಡೆಯುವುದು ಅಡಿಕೆಯ ವಯಸ್ಸಿನಲ್ಲಿ. ಮಾರ್ಚ್ ಕೊನೆಗೆ ಕಡತ ಮುಚ್ಚಲೇಬೇಕಾದ ಅಧಿಕಾರಿ ತಡೆಗೋಡೆ ಕಟ್ಟಿಸುತ್ತಾನೆ, ಏಕೆಂದರೆ ಗೋಡೆ ಮಾರ್ಚಿನೊಳಗೆ ಮುಗಿಯುತ್ತದೆ.

ಹಾಗಾದರೆ ಹತ್ತು ವರ್ಷ ಕಾಯಬಲ್ಲವರು ಯಾರು? ಉತ್ತರ ನಮ್ಮ ಊರುಗಳಲ್ಲೇ ಇದೆಯೆಂದು ನನ್ನ ಅನಿಸಿಕೆ. ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಿಂದ ಬಂದ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿದ್ದಾಗ, ಅಬ್ದುಲ್ ನಜೀರ್ ಸಾಬ್ ಅವರ ಜತೆಗೂಡಿ ತಂದ 1983ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿ ಕಾಯ್ದೆಯ ಹಿಂದಿನ ವಿಚಾರ ಇದೇ ಆಗಿತ್ತು: ಊರಿನ ಸಮಸ್ಯೆ ಊರು ಬಿಟ್ಟು ಹೋಗಲಾಗದವರ ಕೈಯಲ್ಲಿರಲಿ. ನಜೀರ್ ಸಾಬ್ ಬರಗಾಲದಲ್ಲಿ ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿ ‘ನೀರ್ ಸಾಬ್’ ಆದದ್ದನ್ನು ನಾವು ನೆನೆಯುತ್ತೇವೆ. ವಿಪತ್ತು ಸೇವೆಯಲ್ಲಿ ಅವರ ಹೆಚ್ಚಿನ ಕೊಡುಗೆ ಆ ಕಾಯ್ದೆ ಎಂದು ನಾನು ಎಣಿಸುತ್ತೇನೆ. ಪಂಚಾಯತಿಯ ಜತೆಗೆ ಇನ್ನೊಂದು ಸಂಸ್ಥೆಯಿದೆ. 1923ರಿಂದ ಶಿರಸಿಯಲ್ಲಿರುವ ತೋಟಗಾರ್ಸ್ ಸೇಲ್ ಸೊಸೈಟಿಯಂಥ ಮಾರಾಟ ಸಂಘಗಳು, ಪ್ರತಿ ಸೀಮೆಯ ಸೇವಾ ಸಹಕಾರಿ ಸಂಘಗಳು. ಬೇಡ್ತಿ ಜಲವಿದ್ಯುತ್ ಯೋಜನೆಯ ವಿರುದ್ಧ ದನಿ ಎದ್ದ ಕಾಲದಲ್ಲಿ ಈ ಸೀಮೆಯ ಸಹಕಾರಿಗಳು ವಿಜ್ಞಾನಿಗಳನ್ನು ಕರೆಸಿ ಚರ್ಚೆ ಏರ್ಪಡಿಸಿದ ಪರಂಪರೆಯೂ ಇದೆ. ಒಬ್ಬ ಸದಸ್ಯನ ತೋಟದ ಇಪ್ಪತ್ತು ವರ್ಷಗಳ ಫಸಲು, ಸಾಲ, ಮರುಪಾವತಿ ಎಲ್ಲ ಸೊಸೈಟಿಯ ಖಾತೆಯಲ್ಲಿದೆ. ಕುಸಿತಕ್ಕೆ ಮೊದಲು ಅವನ ತೋಟ ಎಷ್ಟು ಬೆಳೆಯುತ್ತಿತ್ತು ಎಂಬುದಕ್ಕೆ ಇದಕ್ಕಿಂತ ನಂಬಿಕಸ್ಥ ಪುರಾವೆ ಯಾವ ಇಲಾಖೆಯಲ್ಲೂ ಇಲ್ಲ.

ಸ್ಥಳೀಯ ಸಂಸ್ಥೆಗಳನ್ನು ಆದರ್ಶೀಕರಿಸುವ ಅಪಾಯವೂ ನನಗೆ ಗೊತ್ತು. ಸೊಸೈಟಿ ಮಾಲ್ಕಿದಾರರದು, ಭೂಮಿಯಿಲ್ಲದವರು ಅದರ ಸದಸ್ಯರಲ್ಲ. ತೋಟದಲ್ಲಿ ದುಡಿಯುತ್ತಿದ್ದ ಕೂಲಿಯವರಿಗೆ ತೋಟ ಹೋದ ಮೇಲೆ ಕೆಲಸವೂ ಹೋಯಿತು. ಅವರ ನಷ್ಟ ಯಾವ ಪಂಚನಾಮೆಯಲ್ಲೂ ಬರುವುದಿಲ್ಲ, ಸೊಸೈಟಿಯ ಖಾತೆಯಲ್ಲೂ ಬರುವುದಿಲ್ಲ. ಪಂಚಾಯತಿಯಲ್ಲಿ ಕೇರಿ–ಕೇರಿಯ ರಾಜಕೀಯ ಇದ್ದೇ ಇದೆ. ಹೊರಗಿನಿಂದ ಬಂದ ಅಧಿಕಾರಿಯ ನಿಷ್ಪಕ್ಷಪಾತಕ್ಕೆ ಬೆಲೆಯಿರುವುದು ಇಂಥ ಕಡೆಯೇ. ಅಧಿಕಾರಿಯ ನೋಟ, ಊರಿನ ನೆನಪು ಎರಡೂ ಒಂದೇ ಪುಸ್ತಕದಲ್ಲಿ ಸೇರುವಂತೆ ಮಾಡುವುದು ಹೇಗೆಂಬುದೇ ನಮ್ಮ ಮುಂದಿರುವ ಆಡಳಿತದ ಪ್ರಶ್ನೆ.

ನನ್ನ ಸೂಚನೆ ಸರಳವಾದದ್ದು, ಹೊಸ ಕಾಯ್ದೆಯನ್ನು ಬೇಡುವಂಥದ್ದಲ್ಲ. ಜಾಜಿಗುಡ್ಡೆ, ಕಳಚೆಯಂಥ ಪ್ರತಿ ಊರಿಗೆ ಹತ್ತು ವರ್ಷಗಳ ಒಂದು ಚೇತರಿಕೆ ವಹಿ ಇರಲಿ. ಅದರ ಒಂದು ಪ್ರತಿ ತಹಶೀಲ್ದಾರರ ಕಚೇರಿಯಲ್ಲಿ, ಒಂದು ಪಂಚಾಯತಿಯಲ್ಲಿ, ಒಂದು ಸೊಸೈಟಿಯಲ್ಲಿ. ಕುಸಿದ ದಿನದ ವಿವರ, ಕುಟುಂಬಗಳ ಪಟ್ಟಿ, ಕೂಲಿಯವರದೂ ಸೇರಿ. ಯಾರು ಊರು ಬಿಟ್ಟರು, ಯಾರು ಮರಳಿದರು. ಹೊಸ ಬಿರುಕು, ಹೊಸ ಒರತೆ. ಮನೆಗಳ ಮಳೆ ಡೈರಿಗಳ ನಕಲು. ಮರುನಾಟಿ ಯಾವ ವರ್ಷ, ಮೊದಲ ಫಸಲು ಯಾವಾಗ. ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ಗ್ರಾಮಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಬೇಕು. ವರ್ಗವಾಗಿ ಹೋಗುವ ಅಧಿಕಾರಿ ಅದಕ್ಕೆ ತನ್ನ ಟಿಪ್ಪಣಿ ಸೇರಿಸಿ ಸಹಿ ಮಾಡಿಯೇ ಅಧಿಕಾರ ಹಸ್ತಾಂತರಿಸಬೇಕು, ಬರುವವರು ಓದಿ ಸಹಿ ಮಾಡಿಯೇ ವಹಿಸಿಕೊಳ್ಳಬೇಕು. ಖಜಾನೆಯ ಬೀಗದ ಕೈಗೆ, ಕಚೇರಿಯ ಜೀಪಿಗೆ ಈಗಾಗಲೇ ಹೀಗೆ ಸಹಿ ಹಾಕಿಸಿಕೊಳ್ಳುವ ವ್ಯವಸ್ಥೆ ಇದೆ.

ಜಾಜಿಗುಡ್ಡೆಯ ಹತ್ತನೆಯ ವರ್ಷ 2029, ಕಳಚೆಯದು 2031. ವಹಿಯನ್ನು ಈಗ ಶುರು ಮಾಡಿದರೂ ಹಿಂದಿನ ವರ್ಷಗಳನ್ನು ಊರವರ ಬಾಯಿಂದ, ಸೊಸೈಟಿಯ ಖಾತೆಯಿಂದ, ಕಂದಾಯ ಕಚೇರಿಯ ಪಂಚನಾಮೆಗಳಿಂದ ತುಂಬಿಸಬಹುದು. ಅದರ ಖರ್ಚು ಒಂದು ತಡೆಗೋಡೆಯ ಒಂದು ಮೂಲೆಯಷ್ಟೂ ಆಗಲಾರದು. ಯಾವ ಇಲಾಖೆ ಮೊದಲು ಮುಂದೆ ಬರುತ್ತದೆ ಎಂದು ಕಾಯುವ ಬದಲು, ಈ ಮೂರು ತಾಲ್ಲೂಕುಗಳ ಸೇವಾ ಸಹಕಾರಿ ಸಂಘಗಳು ತಮ್ಮ ಮುಂದಿನ ವಾರ್ಷಿಕ ಸಭೆಯಲ್ಲೇ ಇದನ್ನು ವಿಷಯಪಟ್ಟಿಗೆ ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ.